ಅಳಿಸಲು ಅನುಮತಿ ಇಲ್ಲ

ಕಡೂರಿನ ತೆಂಗಿನಕಾಯಿ ಮಂಡಿಗಳ ಹಿಂದಿನ ಬೀದಿಯಲ್ಲಿ, ಹಾರ್ಡ್‌ವೇರ್ ಅಂಗಡಿಯೊಂದರ ಮೇಲ್ಮಹಡಿಯಲ್ಲಿ ಕಣ್ಣಿನ ಟ್ರಸ್ಟಿನ ಕಚೇರಿ. ಎರಡು ಕೋಣೆ, ಮೂರು ಕಂಪ್ಯೂಟರು. ಅಲ್ಲಿ ಕಂಪ್ಯೂಟರಿಗೆ ಸಂಬಂಧಿಸಿದ್ದೆಲ್ಲ ಸನಾಳ ಪಾಲಿಗೆ. ಇಪ್ಪತ್ತೊಂಬತ್ತು ವರ್ಷದ ಅವಳು ಇದೇ ಊರಿನಲ್ಲಿ ಬಿ.ಸಿ.ಎ. ಓದಿ, ಮಿಕ್ಕಿದ್ದನ್ನೆಲ್ಲ ತಾನೇ ಕೂತು ಕಲಿತವಳು.

ಟ್ರಸ್ಟಿನ ವ್ಯಾನು ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಹಳ್ಳಿಗಳನ್ನು ಸುತ್ತುತ್ತಿತ್ತು. ಜೊತೆಗೆ ಹೋಗುತ್ತಿದ್ದ ಟೆಕ್ನಿಷಿಯನ್ ತೀರ್ಥೇಶ್, ಸಕ್ಕರೆ ಕಾಯಿಲೆಯವರನ್ನೂ ವಯಸ್ಸಾದವರನ್ನೂ ಕ್ಯಾಮೆರಾದ ಮುಂದೆ ಕೂರಿಸಿ ಕಣ್ಣಿನ ಒಳಪರದೆಯ ಫೋಟೋ ತೆಗೆಯುತ್ತಿದ್ದ. ಆ ಫೋಟೋಗಳು ಅಲ್ಲಿಂದಲೇ ಕ್ಲೌಡಿಗೆ ಹೋಗುತ್ತಿದ್ದವು. ಕ್ಲೌಡ್ ಅಂದರೆ ಎಲ್ಲೋ ಮುಂಬೈ ಕಡೆ ಇರುವ, ಟ್ರಸ್ಟು ಬಾಡಿಗೆಗೆ ಹಿಡಿದ ಕಂಪ್ಯೂಟರುಗಳು. ತರೀಕೆರೆಯಲ್ಲಿ ಕೂತ ಡಾಕ್ಟರ್ ಕೋಮಲಾ ಒಂದೊಂದನ್ನೇ ತೆರೆದು ನೋಡಿ, ಯಾರಿಗೆ ಚಿಕಿತ್ಸೆ ಬೇಕು ಎಂದು ಬರೆಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಹೀಗೆ ಸೇರಿದ ಫೋಟೋಗಳು ಒಂದೂವರೆ ಲಕ್ಷದ ಹತ್ತಿರ.

ಮೊದಮೊದಲು ಆ ಬಾಡಿಗೆ ಕಂಪ್ಯೂಟರುಗಳಿಗೆ ಹೇಳುವವರು ಕೇಳುವವರು ಇರಲಿಲ್ಲ. ಯಾರೋ ಒಂದು ಯಂತ್ರ ಶುರು ಮಾಡಿ ಮರೆತುಬಿಡುತ್ತಿದ್ದರು. ಒಂದು ಸಲವಂತೂ ಹೊರಗಿನಿಂದ ಕೆಲಸಕ್ಕೆ ಬಂದಿದ್ದವನೊಬ್ಬ ಮಾಡಿದ ಎಡವಟ್ಟಿಗೆ, ರೋಗಿಗಳ ಫೋಟೋಗಳು ಇಡೀ ಮೂರು ದಿನ ಯಾರು ಬೇಕಾದರೂ ನೋಡುವ ಹಾಗೆ ತೆರೆದು ಬಿದ್ದಿದ್ದವು. ಆವತ್ತು ಕೋಮಲಾ ಡಾಕ್ಟರು ಸನಾಳನ್ನು ಕರೆದು, "ದಿನಾ ಒಬ್ಬೊಬ್ಬರನ್ನೂ ಬೈಯ್ತಾ ಕೂರೋಕೆ ನನ್ನ ಕೈಲಾಗಲ್ಲ ಸನಾ. ತಪ್ಪು ಮಾಡೋಕೆ ಹೋದ್ರೆ ಕಂಪ್ಯೂಟರೇ ತಡೀಬೇಕು. ಹಂಗೇನಾದ್ರೂ ಮಾಡೋಕಾಗುತ್ತಾ?" ಎಂದು ಕೇಳಿದ್ದರು.

ಆಗುತ್ತದೆ ಎಂದು ಸನಾಳಿಗೆ ಓದಿ ಗೊತ್ತಿತ್ತು. ಕ್ಲೌಡಿಗೆ ನಿಯಮ ಬರೆದು ಕೊಡಬಹುದು. ಕಚೇರಿಯಲ್ಲಿ ಅದಕ್ಕೆ ಪಾಲಿಸಿ ಎನ್ನುತ್ತಿದ್ದರು. ಇಂಥದ್ದನ್ನು ಬಿಡು, ಇಂಥದ್ದನ್ನು ಬಿಡಬೇಡ ಎಂದು ಒಂದು ಸಲ ಬರೆದಿಟ್ಟರೆ, ಆಮೇಲೆ ಬರುವ ಪ್ರತಿ ಆದೇಶವನ್ನೂ ಅದು ತಾನೇ ನೋಡಿ ತೀರ್ಮಾನಿಸುತ್ತದೆ. ಸನಾ ಆ ವರ್ಷ ಹದಿನಾಲ್ಕು ಪಾಲಿಸಿ ಬರೆದಳು. ಯಾರದ್ದು, ಯಾತಕ್ಕೆ ಎಂಬ ಚೀಟಿ ಇಲ್ಲದ ಯಂತ್ರ ಶುರುವಾಗಕೂಡದು. ಫೋಟೋಗಳು ದೇಶದ ಆಚೆ ಹೋಗಕೂಡದು. ರೋಗಿಗಳ ಫೋಟೋ ಭಂಡಾರವನ್ನು ಯಾರೂ ಹೊರಗಿನವರಿಗೆ ತೆರೆಯಕೂಡದು, ಯಾರೂ ಅಳಿಸಕೂಡದು. ಈ ಕೊನೆಯದನ್ನು ಅವಳು ಬರೆದದ್ದು ಒಂದು ಮಧ್ಯಾಹ್ನ, ಕರೆಂಟು ಹೋಗಿ ಯು.ಪಿ.ಎಸ್. ಕುಯ್ಯೋ ಅನ್ನುತ್ತಿದ್ದಾಗ. ಎರಡೇ ಸಾಲು. ಬರೆದವಳಿಗೇ ಅದು ಮರೆತುಹೋಗಿತ್ತು.

ತೀರ್ಥೇಶನಿಗೆ ಇದೆಲ್ಲ ತಲೆನೋವು. "ಏನ್ ಸನಾ ಮೇಡಂ, ನಿಮ್ ಕ್ಲೌಡು ತಾಲ್ಲೂಕಾಫೀಸ್‌ಗಿಂತ ಕಡೆ ಆಗೋಯ್ತಲ್ರೀ! ಎಲ್ಲದಕ್ಕೂ ಆ ಚೀಟಿ ತತ್ತಾ, ಈ ಚೀಟಿ ತತ್ತಾ ಅಂತದೆ," ಎಂದು ಗೊಣಗುತ್ತಿದ್ದ. ಸನಾ ನಗುತ್ತಿದ್ದಳು.

ಹದಿನಾಲ್ಕು ತಿಂಗಳಾದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಸುಮಾರು ಹನ್ನೊಂದು ಗಂಟೆ. ಹೊಸ ತಂತ್ರಾಂಶವನ್ನು ಪರೀಕ್ಷಿಸಲೆಂದು ಸನಾ ಇನ್ನೂರು ಫೋಟೋಗಳ ಒಂದು ನಕಲು ಭಂಡಾರ ಮಾಡಿಕೊಂಡಿದ್ದಳು. ಕೆಲಸ ಮುಗಿದಿತ್ತು, ಅದನ್ನು ಅಳಿಸಬೇಕಿತ್ತು. ಪರದೆಯ ಮೇಲೆ ಎರಡು ಕಿಟಕಿ ತೆರೆದಿದ್ದಳು. ಒಂದರಲ್ಲಿ ನಕಲು, ಇನ್ನೊಂದರಲ್ಲಿ ಅಸಲು. ಎರಡಕ್ಕೂ ಒಂದೇ ಬಣ್ಣ. ಹೆಸರಿನಲ್ಲಿ ಕೊನೆಯ ಎರಡಕ್ಷರ ಮಾತ್ರ ಬೇರೆ.

ಅಷ್ಟರಲ್ಲಿ ಅಜ್ಜಂಪುರದಿಂದ ತೀರ್ಥೇಶನ ಫೋನು ಬಂತು. "ಮೇಡಂ, ಹೊಸ ಕ್ಯಾಮೆರಾದಿಂದ ಒಂದು ಫೋಟೋನೂ ಹೋಗ್ತಿಲ್ಲ ಕಣ್ರೀ. ಇಪ್ಪತ್ತೇಳು ಜನ ಕೂತವ್ರೆ. ಕಣ್ಣಿಗೆ ಡ್ರಾಪ್ಸ್ ಬೇರೆ ಹಾಕ್ಬಿಟ್ಟಿದೀನಿ. ಬೇಗ ಏನಾದ್ರೂ ಮಾಡಿ."

"ಒಂದ್ನಿಮಿಷ, ಲೈನಲ್ಲಿರಿ," ಎನ್ನುತ್ತ ಸನಾ ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಕೈಯಲ್ಲಿದ್ದ ಕೆಲಸ ಮುಗಿಸಿಬಿಡೋಣ ಎಂದು ಅಳಿಸುವ ಆದೇಶ ಕೊಟ್ಟಳು.

ಕೆಂಪು ಸಾಲೊಂದು ಮೂಡಿತು: ಅಳಿಸಲು ಅನುಮತಿ ಇಲ್ಲ.

ಅವಳಿಗೆ ಸಿಟ್ಟು ಬಂತು. ಪೂರ್ತಿ ಅಧಿಕಾರ ಇರುವುದು ತನ್ನೊಬ್ಬಳಿಗೇ, ತನಗೇ ಇಲ್ಲ ಅನ್ನುತ್ತದಲ್ಲ ಎಂದುಕೊಂಡು ಮತ್ತೊಮ್ಮೆ ಒತ್ತಿದಳು. ಅದೇ ಕೆಂಪು ಸಾಲು, ಅದೇ ಮಾತು. ಅತ್ತ ಕಿವಿಯಲ್ಲಿ ತೀರ್ಥೇಶ್, "ಆಯ್ತಾ ಮೇಡಂ?" ಅನ್ನುತ್ತಿದ್ದ. ಪಾಲಿಸಿಯೇ ಎಲ್ಲೋ ಕೆಟ್ಟಿರಬೇಕು, ನಕಲಿನ ಭಂಡಾರವನ್ನೂ ಹಿಡಿದು ಕೂತಿದೆ ಎಂದು ಅವಳಿಗೆ ಖಾತ್ರಿಯಾಯಿತು. ದೀಪದ ಹಾಗೆ ಅದನ್ನು ಅರ್ಧ ನಿಮಿಷ ಆರಿಸಿದರೆ ಆಯಿತಲ್ಲ. ಆರಿಸುವ ಪುಟ ತೆರೆದಳು.

ಆ ಪುಟವನ್ನೂ ಹದಿನಾಲ್ಕು ತಿಂಗಳ ಹಿಂದೆ ಅವಳೇ ಸಿದ್ಧ ಮಾಡಿದ್ದಳು. ಪಾಲಿಸಿ ಆರಿಸುವವರು ಯಾವ ಭಂಡಾರ, ಅದರಲ್ಲಿ ಎಷ್ಟು ಫೋಟೋ ಎಂಬುದನ್ನು ಓದಿ, ಕಾರಣ ಬರೆದು ಮುಂದೆ ಹೋಗಬೇಕು. ಕಾರಣದ ಜಾಗದಲ್ಲಿ "ಪರೀಕ್ಷೆಯ ನಕಲು" ಎಂದು ಅರ್ಧ ಬರೆದಿದ್ದಳು. ಆಗ ಮೇಲಿನ ಅಂಕಿ ಕಣ್ಣಿಗೆ ಬಿತ್ತು.

1,46,312.

ನಕಲಿನಲ್ಲಿ ಇದ್ದದ್ದು ಇನ್ನೂರು.

ಸನಾ ಕೀಲಿಮಣೆಯಿಂದ ಎರಡೂ ಕೈ ಎತ್ತಿಬಿಟ್ಟಳು, ಬಿಸಿ ಬಾಣಲೆ ಮುಟ್ಟಿದವಳ ಹಾಗೆ. ಫೋನು ಭುಜದಿಂದ ಜಾರಿ ಮೇಜಿನ ಮೇಲೆ ಬಿತ್ತು. ಅವಳು ಎರಡು ಸಲ ಅಳಿಸಲು ಹೊರಟಿದ್ದು ಅಸಲು ಭಂಡಾರವನ್ನು. ಬ್ಯಾಕಪ್ ಎಂದು ಒಂದಿತ್ತು, ಅದು ಐದು ವರ್ಷದಷ್ಟು ಹಳೆಯದು. ಹೊಸದು ಮಾಡಿಸುವುದು ಮುಂದಿನ ತಿಂಗಳ ಕೆಲಸವಾಗಿತ್ತು.

"ಮೇಡಂ? ಮೇಡಂ, ಇದ್ದೀರಾ?" ಫೋನಿನೊಳಗಿಂದ ದನಿ.

ಅವಳು ಫೋನೆತ್ತಿಕೊಂಡು ಕ್ಯಾಮೆರಾದ ನಂಬರು ಕೇಳಿದಳು. ಹೊಸ ಕ್ಯಾಮೆರಾಕ್ಕೆ ಕ್ಲೌಡಿನಲ್ಲಿ ತಾಲ್ಲೂಕಿನ ಹೆಸರಿನ ಚೀಟಿ ಹಾಕಿರಲಿಲ್ಲ. ಅದಕ್ಕೇ ಪಾಲಿಸಿ ಅದರ ಫೋಟೋಗಳನ್ನು ಬಿಟ್ಟುಕೊಳ್ಳುತ್ತಿರಲಿಲ್ಲ. 'ಅಜ್ಜಂಪುರ' ಎಂದು ಬರೆದಳು. "ಹೋಯ್ತು ಹೋಯ್ತು! ಥ್ಯಾಂಕ್ಸ್ ಮೇಡಂ," ಎಂದು ತೀರ್ಥೇಶ್ ಫೋನಿಟ್ಟ.

ಆಮೇಲೆ ಸನಾ ಆ ಪಾಲಿಸಿಯ ದಿನಚರಿ, ಅಂದರೆ ಅದು ನೋಡಿದ ಆದೇಶಗಳ ದಾಖಲೆ, ತೆರೆದಳು. ಇದುವರೆಗೆ ಒಂದು ಸಲವೂ ಅದನ್ನು ತೆರೆದು ನೋಡಿರಲಿಲ್ಲ. ಅವಳ ಎರಡು ಆದೇಶಗಳು ಕೊನೆಯಲ್ಲಿದ್ದವು. ಒಂದೊಂದಕ್ಕೂ ಅದು ತೆಗೆದುಕೊಂಡ ಸಮಯ, ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ನಾಲ್ಕು ಪಾಲು. ಅವಳು ಮೇಲಕ್ಕೆ ಸರಿಸುತ್ತ ಹೋದಳು. ಹದಿನಾಲ್ಕು ತಿಂಗಳಲ್ಲಿ ಆ ಎರಡು ಸಾಲು ಮೂವತ್ತೊಂದು ಲಕ್ಷ ಆದೇಶಗಳನ್ನು ನೋಡಿತ್ತು. ನೋಡಿ, ಸರಿ ಇದ್ದದ್ದನ್ನು ಸದ್ದಿಲ್ಲದೆ ಬಿಟ್ಟಿತ್ತು. ಅವಳು ರಂಜಾನಿನ ಉಪವಾಸದಲ್ಲಿ ಮೇಜಿನ ಮೇಲೆ ತಲೆಯಿಟ್ಟು ತೂಕಡಿಸಿದ ಮಧ್ಯಾಹ್ನ ಅದು ನೋಡುತ್ತಿತ್ತು. ಹಬ್ಬದ ದಿನ ಕಚೇರಿಗೆ ಬೀಗ ಹಾಕಿದ್ದಾಗಲೂ, ಮಳೆಗೆ ಇಡೀ ಕಡೂರಿನ ಕರೆಂಟು ಹೋಗಿದ್ದಾಗಲೂ ನೋಡುತ್ತಿತ್ತು. ಬಂದವರು ಯಾರೆಂದು ಅದು ಮುಖ ನೋಡಲಿಲ್ಲ. ತನ್ನನ್ನು ಬರೆದವಳೇ ಬಂದಾಗಲೂ ಅದೇ ಮಾತು ಹೇಳಿತ್ತು, ಎರಡು ಸಲ, ಬೇಸರವಿಲ್ಲದೆ.

ಕೆಳಗೆ ಬೀದಿಯಲ್ಲಿ ಲಾರಿಗೆ ಕಾಯಿ ಮೂಟೆ ಎತ್ತುವವರ ಗದ್ದಲ. ಸನಾ ಆ ಮೂವತ್ತೊಂದು ಲಕ್ಷದ ಮುಂದೆ ಕೂತಿದ್ದಳು. ಇದನ್ನು ನಾನು ಬರೆದೆನಾ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ದೊಡ್ಡ ಕೆರೆಯ ಏರಿಯ ಮೇಲೆ ಮೊದಲ ಸಲ ನಿಂತ ಮಗುವಿನಂತೆ ಅವಳ ಎದೆ ತುಂಬಿ ಬಂತು.

ಈ ವಿಷಯ ಅವಳಾಗಿ ಹೇಳದೆ ಯಾರಿಗೂ ಗೊತ್ತಾಗುವಂತಿರಲಿಲ್ಲ. ಊಟದ ಡಬ್ಬಿ ತೆರೆಯದೆ ಅವಳು ಬಸ್ ಸ್ಟ್ಯಾಂಡಿಗೆ ಹೋಗಿ, ಬೀರೂರಿನ ಮೇಲೆ ತರೀಕೆರೆಗೆ ಹೋಗುವ ಬಸ್ಸು ಹತ್ತಿದಳು.

ಕೋಮಲಾ ಡಾಕ್ಟರು ಆಗಷ್ಟೇ ಆಪರೇಷನ್ ಕೋಣೆಯಿಂದ ಹೊರಗೆ ಬಂದಿದ್ದರು. ಸನಾ ನಿಂತೇ ಎಲ್ಲ ಹೇಳಿದಳು. ಎರಡು ಸಲ ಒತ್ತಿದ್ದನ್ನೂ ಹೇಳಿದಳು, ಪಾಲಿಸಿಯನ್ನೇ ಆರಿಸಲು ಹೊರಟಿದ್ದನ್ನೂ ಹೇಳಿದಳು. ಡಾಕ್ಟರು, "ಬಾ ಇಲ್ಲಿ," ಎಂದು ತಮ್ಮ ಕಂಪ್ಯೂಟರಿನ ಮುಂದೆ ಕೂರಿಸಿದರು.

ಪರದೆಯ ಮೇಲೆ ಅಕ್ಕಪಕ್ಕ ಎರಡು ಫೋಟೋ. ಕಿತ್ತಳೆ ಬಣ್ಣದ ಎರಡು ದುಂಡು, ಒಳಗೆ ಬೇರಿನಂತೆ ಹರಡಿದ ರಕ್ತನಾಳ, ಬೇರುಗಳೆಲ್ಲ ಕೂಡುವಲ್ಲಿ ಒಂದು ಬಿಳಿ ಬೊಟ್ಟು.

"ಎಮ್ಮೆದೊಡ್ಡಿಯ ಲಿಂಗಮ್ಮ ಅಂತ. ಎಡಗಡೇದು ನಾಲ್ಕು ವರ್ಷದ ಹಿಂದಿನದು, ಬಲಗಡೇದು ಹೋದ ವಾರದ್ದು. ಈ ಬಿಳಿ ಜಾಗದ ಮಧ್ಯೆ ಗುಂಡಿ ಇದೆ ನೋಡು."

ಸನಾ ಮುಖ ಹತ್ತಿರ ತಂದು ನೋಡಿದಳು. "ಬಲಗಡೇದು ಅಗಲ ಇದೆ."

"ಕೂದಲೆಳೆಯಷ್ಟು ಅಗಲ. ಕೆಲವರಿಗೆ ಹುಟ್ಟಿದಾಗಿಂದಲೇ ಆ ಗುಂಡಿ ದೊಡ್ಡದಿರುತ್ತೆ, ಏನೂ ಆಗಲ್ಲ. ಬಲಗಡೇದೊಂದೇ ಇದ್ದಿದ್ರೆ ನಾನೂ ಹಂಗೇ ಅಂದ್ಕೊಂಡು ಬಿಟ್ಬಿಡ್ತಿದ್ನೋ ಏನೋ. ಹಳೇದು ಇದ್ದಿದ್ದಕ್ಕೆ ಬೆಳೀತಿದೆ ಅಂತ ಗೊತ್ತಾಯ್ತು. ಕಣ್ಣಿನ ಒತ್ತಡ ಜಾಸ್ತಿಯಾಗಿ ನರ ಸವೀತಿದೆ. ಹೋಗಿದ್ದು ವಾಪಸ್ ಬರಲ್ಲ. ಈಗಿಂದಲೇ ಡ್ರಾಪ್ಸ್ ಹಾಕಿದ್ರೆ ಇರೋದನ್ನ ಉಳಿಸ್ಕೊಬಹುದು."

ಆ ಎಡಗಡೆಯ ಫೋಟೋ ಎಲ್ಲಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಸನಾಳ ಕಣ್ಣು ತುಂಬಿತು. ಡಾಕ್ಟರು ಅವಳ ಬೆನ್ನು ತಟ್ಟಿ, "ಬೈಯ್ಬೇಕು ಅಂತಾನೇ ಇದ್ದೆ. ನೀನು ಬಸ್ ಹತ್ತಿ ಬಂದ್ಬಿಟ್ಟೆಯಲ್ಲ, ಹೆಂಗೆ ಬೈಯ್ಲಿ? ಬ್ಯಾಕಪ್ಪು ಮುಂದಿನ ತಿಂಗಳಲ್ಲ, ಈ ವಾರ ಆಗ್ಬೇಕು. ಈಗ ಊಟ ಮಾಡು," ಎಂದರು.

ಸಂಜೆ ಮನೆಯಲ್ಲಿ ಸನಾ ತಂದೆಗೂ ಹೇಳಿದಳು. ಅಬ್ದುಲ್ ಮಜೀದ್ ರೈಲ್ವೆಯಲ್ಲಿ ಲಿವರ್‌ಮನ್ ಆಗಿದ್ದು ನಿವೃತ್ತರಾದವರು. ಹಳೆಯ ಕಾಲದ ಸಣ್ಣ ಸ್ಟೇಷನ್ನುಗಳಲ್ಲಿ, ಕ್ಯಾಬಿನ್ನಿನೊಳಗೆ ಸಾಲಾಗಿ ನಿಂತ ಕಬ್ಬಿಣದ ಲಿವರ್‌ಗಳನ್ನು ಎಳೆದು ಸಿಗ್ನಲ್ಲು ಬೀಳಿಸುವುದು, ಹಳಿ ಬದಲಿಸುವುದು ಅವರ ಕೆಲಸವಾಗಿತ್ತು. ಅವರು ಮನೆಮಾತು ದಖನಿಯಲ್ಲಿ ಮತ್ತೆ ಮತ್ತೆ ಕೇಳಿದರು, "ನಿನ್ನನ್ನೇ ಬಿಡಲಿಲ್ಲವಾ? ಬರೆದವಳನ್ನೇ?"

"ಬಿಡಲಿಲ್ಲ ಅಬ್ಬಾ."

"ನಮ್ಮ ಲಿವರ್‌ಗಳೂ ಹಾಗೇ ಇದ್ದವು ಬೇಟಾ. ಒಂದು ಹಳಿಯ ಮೇಲೆ ಗಾಡಿ ಬಿಡೋಕೆ ಒಂದನ್ನ ಎಳೆದಿದ್ದರೆ, ಅದಕ್ಕೆ ಎದುರಾದ ಲಿವರ್ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ. ಕೆಳಗೆ ಕಬ್ಬಿಣದ ಪಟ್ಟಿಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತಿದ್ದವು." ಅವರು ಟೀ ಲೋಟವನ್ನು ಕೆಳಗಿಟ್ಟರು. "ಒಂದು ಸಲ ನಾನು ಜ್ವರದಲ್ಲೇ ಡ್ಯೂಟಿಗೆ ಹೋಗಿದ್ದೆ. ಒಂದು ಲಿವರ್ ಎಳೆದೆ, ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದೆ. ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಕಿಟಕಿಯಿಂದ ನೋಡಿದರೆ, ನಾನು ಮೇಲ್ ಗಾಡಿಗೆ ದಾರಿ ಮಾಡಲು ಹೊರಟಿದ್ದ ಹಳಿಯ ಕಡೆಗೇ ಗೂಡ್ಸು ಬರುತ್ತಿತ್ತು."

ಸನಾ ಈ ಕಥೆ ಎಂದೂ ಕೇಳಿರಲಿಲ್ಲ. "ಸ್ಟೇಷನ್ ಮಾಸ್ಟರ್ ಏನಂದ್ರು?"

"ನಾನು ಹೇಳಲೇ ಇಲ್ಲ," ಎಂದರು ಮಜೀದ್. "ಮೂವತ್ತು ವರ್ಷ ಆಯ್ತು. ನಿಮ್ಮಮ್ಮನಿಗೂ ಹೇಳಿಲ್ಲ. ಎಷ್ಟೋ ದಿನ ಕ್ಯಾಬಿನ್ನಿಗೆ ಹೋದ ಕೂಡಲೇ ಆ ಲಿವರ್ ಮೇಲೆ ಸುಮ್ಮನೆ ಕೈ ಇಟ್ಟು ನಿಲ್ಲುತ್ತಿದ್ದೆ." ಸ್ವಲ್ಪ ಹೊತ್ತು ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಮಗಳ ತಲೆಯ ಮೇಲೆ ಆ ಕೈಯಿಟ್ಟರು. "ನೀನು ಹೋಗಿ ಹೇಳಿದೆಯಲ್ಲ."

ಮಾರನೆಯ ದಿನ ಸನಾ ಹದಿನೈದನೆಯ ಪಾಲಿಸಿ ಬರೆದಳು. ಅಳಿಸದಂತೆ ಕಾಯುವ ಆ ಪಾಲಿಸಿಯನ್ನು ಇನ್ನು ಮುಂದೆ ಅವಳೊಬ್ಬಳೇ ಆರಿಸುವ ಹಾಗಿರಲಿಲ್ಲ. ಕೋಮಲಾ ಡಾಕ್ಟರೂ ತಮ್ಮ ಕಂಪ್ಯೂಟರಿನಲ್ಲಿ ಒಪ್ಪಿಗೆ ಕೊಡಬೇಕಿತ್ತು. ಬರೆದು ಮುಗಿಸಿ, ನೋಡೋಣ ಎಂದು ಒಂದು ಸಲ ಆರಿಸಲು ಹೋದಳು. ಅನುಮತಿ ಇಲ್ಲ ಎಂದಿತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸನಾ ಜೋರಾಗಿ ನಕ್ಕಳು.

ಆರು ತಿಂಗಳ ನಂತರ ವ್ಯಾನು ಎಮ್ಮೆದೊಡ್ಡಿಗೆ ಹೋದಾಗ ಅವಳೂ ಜೊತೆಗೆ ಹೋದಳು. ಶಾಲೆಯ ಜಗುಲಿಯ ಮೇಲೆ ಕ್ಯಾಮೆರಾ ಇಟ್ಟಿದ್ದರು. ಲಿಂಗಮ್ಮ ಎತ್ತರದ, ಬಿಸಿಲಿಗೆ ಕಂದಿದ ಹೆಂಗಸು. ಸೆರಗಿನಲ್ಲಿ ಕಣ್ಣಿನ ಡ್ರಾಪ್ಸಿನ ಸೀಸೆ ಗಂಟು ಹಾಕಿಕೊಂಡು ಬಂದಿದ್ದಳು. ತೀರ್ಥೇಶ್ ಫೋಟೋ ತೆಗೆದು ಪರದೆಯನ್ನು ಅವಳ ಕಡೆ ತಿರುಗಿಸಿದ.

"ಇದು ನನ್ ಕಣ್ಣಾ?" ಎಂದು ಅವಳು ಬೆರಗಾಗಿ ಬಗ್ಗಿದಳು. "ಅವ್ವಯ್ಯ! ಹುಣ್ಣಿಮೆ ಚಂದ್ರ ಹುಟ್ದಂಗೈತಲ್ಲೋ! ಇಷ್ಟು ದಿನ ಇದನ್ನ ಎಲ್ಲಿಕ್ಕಿದ್ರಿ?"

"ಅವರೇ ಕಣಮ್ಮ ಇಟ್ಟಿರೋದು, ಕೇಳು," ಎಂದು ತೀರ್ಥೇಶ್ ಸನಾಳನ್ನು ತೋರಿಸಿದ.

ಸನಾ ಹೇಳಲು ಬಾಯಿ ತೆರೆದಳು. ಮುಂಬೈ, ಬಾಡಿಗೆ ಕಂಪ್ಯೂಟರು, ಎರಡು ಸಾಲು, ಇನ್ನೂ ಏರುತ್ತಲೇ ಇರುವ ಆ ಲಕ್ಷಗಳ ಲೆಕ್ಕ, ಎಲ್ಲ ಒಟ್ಟಿಗೆ ನೆನಪಾಗಿ ಯಾವುದನ್ನು ಮೊದಲು ಹೇಳುವುದೆಂದೇ ತೋಚಲಿಲ್ಲ. "ಭದ್ರವಾಗಿದೆ ಅಮ್ಮ," ಎಂದಳು ಕೊನೆಗೆ.

ತರೀಕೆರೆಯಿಂದ ಡಾಕ್ಟರು ಹಳೆಯ ಫೋಟೋಗಳ ಪಕ್ಕ ಹೊಸದನ್ನಿಟ್ಟು ನೋಡಿ, ಫೋನು ಮಾಡಿದರು. ಗುಂಡಿ ಆರು ತಿಂಗಳ ಹಿಂದೆ ಎಷ್ಟಿತ್ತೋ ಅಷ್ಟೇ ಇತ್ತು. ಸನಾ ಅದನ್ನು ಹೇಳಿದಾಗ ಲಿಂಗಮ್ಮ ತಲೆಯಾಡಿಸಿ, ಜಗುಲಿಯ ಅಂಚಿಗೆ ಹೋಗಿ ಊರಾಚೆಯ ಕಾವಲು ಬಯಲಿನ ಕಡೆ ಕೈ ಚಾಚಿದಳು.

"ಅಗೋ, ಅಲ್ಲಿ ದನ ಮೇಯ್ತಾವಲ್ಲ, ಕಾಣ್ತದೆ. ಕೊಂಬೂ ಕಾಣ್ತದೆ ಕಣವ್ವಾ. ಇಷ್ಟು ಉಳುದ್ರೆ ಸಾಕು."

ಸನಾ ಅವಳ ಪಕ್ಕ ನಿಂತು ಅತ್ತ ನೋಡಿದಳು. ಒಣಹುಲ್ಲಿನ ಬಯಲಿನಾಚೆ ಬೂದು ಬಣ್ಣದ ದನಗಳ ಹಿಂಡು ತಲೆ ಬಗ್ಗಿಸಿ ಮೇಯುತ್ತ ಮೆಲ್ಲಗೆ ಸರಿಯುತ್ತಿತ್ತು.