ಬಟನ್ ಹೊಲಿದ ದಿನ ಕೇಳದೆ ಉಳಿದ ಮಾತು

ಆ ಗಲ್ಲಿಯ ಬಾಯಲ್ಲೇ ಒಂದು ಮೋರಿ. ಮೇಲಿನ ಚಪ್ಪಡಿ ಮುರಿದು ಯಾವ ಕಾಲವಾಯಿತೋ. ಜನ ಅದನ್ನು ದಾಟಿ ದಾಟಿ, ಮೋರಿ ಎಂದರೆ ಹೀಗೇ ಇರಬೇಕು ಎಂದುಕೊಂಡಿದ್ದರು. ಮೋರಿಯ ಎದುರಿಗೇ ಟೈಲರಕ್ಕನ ಮನೆ.

ಹೋದ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರು ಅಲ್ಲಿಗೆ ಬಂದಿದ್ದರು. ನೂಕುನುಗ್ಗಲಲ್ಲಿ ಅವರ ಅಂಗಿಯ ಬಟನ್ ಕಿತ್ತುಹೋಯಿತು. ಟೈಲರಕ್ಕ ಸೂಜಿ ದಾರ ಹಿಡಿದು ಓಡಿ ಬಂದಳು. ಅವರು ಮಿಸುಕಾಡದೆ ನಿಂತರು, ಇವಳು ಹೊಲಿದಳು. ಗಲ್ಲಿಗೆ ಗಲ್ಲಿಯೇ ಕಣ್ಣು ಬಾಯಿ ಬಿಟ್ಟು ನೋಡಿತು.

ಅತ್ತೆ ಹಿಂದಿನಿಂದ ಅವಳ ತೋಳು ಜಗ್ಗಿದರು. "ಆ ಮೋರಿ ವಿಷ್ಯ ಕೇಳೇ."

"ಸುಮ್ನಿರಿ ಅತ್ತೆ! ಅಂಥ ದೊಡ್ಡವರ ಹತ್ರ ಮೋರಿ ಮಾತಾಡೋದಾ? ನಮ್ಮ ಮರ್ಯಾದೆ ಏನಾಗ್ಬೇಕು?"

ದಾರ ಕತ್ತರಿಸಿ, "ಗೆದ್ದು ಬನ್ನಿ ಸಾರ್" ಎಂದಳು. ಅವರು ಗೆದ್ದರು. ಆಮೇಲೆ ಆ ಗಲ್ಲಿಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಟೈಲರಕ್ಕ ಮಾತ್ರ ಬಟ್ಟೆ ತಂದವರಿಗೆಲ್ಲ ಆ ಬಟನ್ನಿನ ಕಥೆ ಹೇಳಿ ಹೇಳಿ ದಣಿಯಲಿಲ್ಲ.

ಮಳೆಯ ಒಂದು ಸಂಜೆ ಹಾಲು ತರಲು ಹೋದ ಅತ್ತೆ ಅದೇ ಮೋರಿಗೆ ಬಿದ್ದು ಸೊಂಟ ಮುರಿದುಕೊಂಡರು. ಅವತ್ತು ಹಿಡಿದ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಸೊಸೆಯನ್ನು ಒಂದು ಸಲವೂ ಬೈಯಲಿಲ್ಲ. ಬೈದುಬಿಟ್ಟಿದ್ದರೆ ಮನಸ್ಸಾದರೂ ಹಗುರಾಗುತ್ತಿತ್ತು ಎಂದು ಟೈಲರಕ್ಕ ಹೊಲಿಗೆ ಮೆಷಿನ್ ಮುಂದೆ ಕೂತು ಅಳುತ್ತಿದ್ದಳು.

ಮತ್ತೆ ಚುನಾವಣೆ ಬಂತು. ಅತ್ತೆಯ ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಬಂದ ನರ್ಸಮ್ಮ ಟೈಲರಕ್ಕನನ್ನು ಕೇಳಿದರು: "ನಾಳೆ ಬೇರೊಬ್ಬ ಅಭ್ಯರ್ಥಿ ಬರ್ತಾರಂತೆ. ಈ ಸಲ ಮೋರಿ ವಿಷ್ಯ ಕೇಳ್ತೀಯಾ?"

"ಕೇಳೋಕೆ ನಾವ್ಯಾರು ನರ್ಸಮ್ಮ?" ಎಂದ ಅವಳ ಗಂಡ. ಬಸ್ ಕಂಡಕ್ಟರ್, ಆಗಷ್ಟೇ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ. "ಅವರು ನಮ್ಮ ಬಾಗಿಲಿಗೆ ಬರೋದೇ ಹೆಚ್ಚು."

"ಅಭ್ಯರ್ಥಿ ಅಂದ್ರೆ ಏನಂದ್ಕೊಂಡಿದೀಯಪ್ಪ?"

"ಇನ್ನೇನು, ಲೀಡರ್ರು."

"ಅಲ್ಲ. ಬೇಡ್ಕೊಂಡು ಬಂದವರು. ಹಿಂದಿನವರು ಉಮೇದುವಾರರು ಅಂತಿದ್ರು, ಆಸೆ ಇಟ್ಕೊಂಡು ಬಂದವರು ಅಂತ. ಕೆಲಸಕ್ಕೆ ಅರ್ಜಿ ಹಾಕಿದಾಗ ನನ್ನನ್ನೂ ಅಭ್ಯರ್ಥಿ ಅಂತಲೇ ಕರೆದಿದ್ದು. ನಿನ್ನನ್ನೂ ಕರೆದಿರ್ತಾರೆ. ಅವತ್ತು ಹೇಗಿದ್ದೆ?"

ಗಂಡ ನಕ್ಕ. "ಕೈಕಾಲು ನಡುಗ್ತಿತ್ತು. ಚಿಲ್ಲರೆಗೆ ಜಗಳ ತೆಗೆದ್ರೆ ಏನ್ಮಾಡ್ತೀಯ ಅಂತನೂ ಕೇಳಿದ್ರು."

"ಕೆಲಸ ಕೊಡೋರು ಕೇಳಿಯೇ ಕೊಡ್ತಾರೆ. ಇವರಿಗೆ ಕೆಲಸ ಕೊಡೋರು ಯಾರು, ಹೇಳು?"

ಕಂಡಕ್ಟರ್ ಬೂಟು ಕೈಯಲ್ಲಿ ಹಿಡಿದೇ ಕೂತ. "ನಾವೇ ಅಲ್ವಾ..." ಎಂದ.

ಟೈಲರಕ್ಕನಿಗೆ ಹೋದ ಚುನಾವಣೆಯ ಆ ದಿನ ನೆನಪಾಯಿತು. ಬಟನ್ ಹೊಲಿಯುವಷ್ಟು ಹೊತ್ತೂ ಅವರು ತನ್ನ ಮುಂದೆಯೇ ನಿಂತಿದ್ದರು. ಒಂದು ಮಾತಿಗೆ ಬೇಕಾದಷ್ಟು ಪುರುಸೊತ್ತಿತ್ತು.

ಮರುದಿನ ಅಭ್ಯರ್ಥಿ ಬಂದಾಗ ಕಂಡಕ್ಟರೇ ಮೋರಿಯ ಪಕ್ಕ ಕುರ್ಚಿ ಹಾಕಿದ. ಟೈಲರಕ್ಕ ಗಟ್ಟಿಯಾಗಿ ಕೇಳಿದಳು: "ಕೂತ್ಕೊಳ್ಳಿ ಸಾರ್. ನೀವು ಮತ ಕೇಳೋಕೆ ಬಂದಿದೀರ, ಮೊದಲು ನಾವು ಕೇಳ್ತೀವಿ. ಈ ಮೋರಿ ಯಾವಾಗ ಮುಚ್ಚಿಸ್ತೀರ? ಆಗದಿದ್ರೆ ಯಾರನ್ನ ಹಿಡೀಬೇಕು?" ನೋಡುತ್ತ ನಿಂತಿದ್ದವರೂ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಅಭ್ಯರ್ಥಿ ಬೆವರು ಒರೆಸಿಕೊಂಡು ಒಂದೊಂದಕ್ಕೂ ಉತ್ತರ ಹೇಳಬೇಕಾಯಿತು.

ಅವಳು ಒಳಗೆ ಬಂದಾಗ ಅತ್ತೆ ಕೈ ಚಾಚಿದರು. "ಎಲ್ಲಾ ಕೇಳಿಸ್ತು ಕಣೇ. ಎಷ್ಟು ಚೆನ್ನಾಗಿ ಮಾತಾಡ್ತೀಯ ನೀನು."

"ಅವತ್ತೇ ಆಡ್ಬೇಕಿತ್ತು ಅತ್ತೆ" ಎಂದು ಟೈಲರಕ್ಕ ಹಾಸಿಗೆಯ ಅಂಚಿನಲ್ಲಿ ಕುಸಿದು ಕೂತಳು.

ನಿಮ್ಮ ಬಾಗಿಲಿಗೂ ಅಭ್ಯರ್ಥಿಗಳು ಬರುತ್ತಾರೆ. ಮರ್ಯಾದೆಯಿಂದ ಕೂರಿಸಿ. ಅವರು ಬೇಡಲು ಬಂದವರು, ಕೊಡುವವರು ನೀವು. ಕೇಳಬೇಕಾದ್ದನ್ನು ಕೇಳಿ, ಎಲ್ಲರ ಉತ್ತರ ತೂಗಿ ನೋಡಿ, ತಪ್ಪದೆ ಹೋಗಿ ಮತ ಹಾಕಿ. ನಿಮ್ಮ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿಯುವವರೆಗೆ ಕಾಯಬೇಡಿ.