ಸೋಮಪ್ಪನ ಎಡಗೈ

ಮಹಾದೇವಿ ಗಂಡನ ಎಡಗೈಯನ್ನು ಮೂರನೆಯ ಸಲ ಶಾಲಿನೊಳಗೆ ತೂರಿಸಿದಳು. ಮೂರನೆಯ ಸಲವೂ ಅದು ಜಾರಿ ಹೊರಗೆ ಬಂತು.

ಸೋಮಪ್ಪನನ್ನು ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳ ತುಂಬ ಚೆಂಡುಹೂವಿನ ಹಾರ. ಬೆಳಿಗ್ಗೆ ಐದಕ್ಕೆ ಚಹಾ ಕುಡಿಯುತ್ತಿದ್ದವನು ಎದೆ ಹಿಡಿದುಕೊಂಡು, ಲೋಟ ಕೆಳಗಿಡುವಷ್ಟರಲ್ಲಿ ಹೋಗಿಬಿಟ್ಟಿದ್ದ. ಐವತ್ತನಾಲ್ಕು ವರ್ಷ, ಸಾಯುವ ವಯಸ್ಸೇನಲ್ಲ. ಲಿಂಗವಂತರ ಹೆಣ ಮಲಗಿಸಬಾರದು, ಮೈ ಬಿಗಿಯುವ ಮೊದಲೇ ಕೂರಿಸಬೇಕು ಎಂದು ವಠಾರದ ಹನ್ನೆರಡು ಕೋಣೆಯವರೂ ಓಡಿ ಬಂದಿದ್ದರು. ಎಲ್ಲ ಕ್ರಮದಂತೆ ಆಗಿತ್ತು, ಆ ಕೈಯೊಂದನ್ನು ಬಿಟ್ಟು. ಅದರಲ್ಲಿ ಉಳಿದಿದ್ದದ್ದು ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ. ನಡುವಿನ ಮೂರರ ಜಾಗದಲ್ಲಿ ಹೊಲಿಗೆಯ ಗಂಟು. ಇರುವಷ್ಟು ದಿನ ಈ ಮನುಷ್ಯ ತನ್ನ ಮಾತು ಕೇಳಲಿಲ್ಲ, ಹೋದ ಮೇಲೆ ಅವನ ಕೈಯೂ ಕೇಳುತ್ತಿಲ್ಲವಲ್ಲ ಎಂದು ಮಹಾದೇವಿಗೆ ಅಳುವಿನ ನಡುವೆಯೇ ಸಿಟ್ಟು ಬಂತು.

"ಬಿಡು ಅಕ್ಕಾ. ಈಗ ಅದನ್ನ ಯಾರ್ ನೋಡ್ತಾರ?" ಎಂದ ಅವಳ ತಮ್ಮ ಬಸಲಿಂಗ.

"ಎಲ್ಲಾರೂ ನೋಡ್ತಾರ. ಒಂಬತ್ತ್ ವರ್ಷ ನೋಡಿ ನೋಡಿ ನಕ್ಕಾರ. ಮಣ್ಣಿಗೆ ಹೋಗೂ ಹೊತ್ತಿನ್ಯಾಗರ ಪೂರಾ ಮನಷ್ಯಾ ಆಗಿ ಹೋಗ್ಲಿ."

ಅವಳು ಸೆರಗಿನ ಪಿನ್ನು ಕಿತ್ತು ಶಾಲಿಗೆ ಚುಚ್ಚಿದಳು. ಈ ಸಲ ಕೈ ಒಳಗೇ ಉಳಿಯಿತು.

"ಫೋಟೋ ಗೀಟೋ ಯಾರೂ ತಗೀಬಾರ್ದು. ಹೊರಗ ಹೇಳಿಡು."

"ಹೊರಗ ಭಾಳ ಮಂದಿ ಬಂದಾರ ಅಕ್ಕಾ. ನನಗ ಒಬ್ಬರದೂ ಗುರ್ತಿಲ್ಲ. ಸೌಮ್ಯಾ ಮೇಡಂ ಮೊಬೈಲಿನ್ಯಾಗ ಹಾಕ್ಯಾರಂತ, ಮಾಮಾ ಹೋದ ಅಂತ."

ಸೌಮ್ಯಾಳ ಹೆಸರು ಕೇಳಿದ್ದೇ ಮಹಾದೇವಿ ತುಟಿ ಬಿಗಿದಳು. ಹಿಂದಿನ ಗಲ್ಲಿಯಲ್ಲಿ ತಗಡು ಅಚ್ಚೊತ್ತುವ ಪ್ರೆಸ್ ಮಷೀನುಗಳು ಎಂದಿನಂತೆ ಧಡ್ ಧಡ್ ಎನ್ನುತ್ತಿದ್ದವು. ಪೀಣ್ಯದಲ್ಲಿ ಯಾರು ಸತ್ತರೂ ಅವು ನಿಲ್ಲುವುದಿಲ್ಲ.

* * *

ಹುನಗುಂದದ ಕಡೆಯಿಂದ ಗಂಡ ಹೆಂಡತಿ ಪೀಣ್ಯಕ್ಕೆ ಬಂದಾಗ ಸೋಮಪ್ಪನಿಗೆ ಹತ್ತೂ ಬೆರಳಿದ್ದವು. ನರಸಿಂಹಯ್ಯನವರ ಸಣ್ಣ ಕಾರ್ಖಾನೆಯಲ್ಲಿ ಅವನು ಪ್ರೆಸ್ ಆಪರೇಟರ್. ತಗಡನ್ನು ಅಚ್ಚಿನ ಕೆಳಗಿಟ್ಟು ಎರಡು ಬಟನ್‌ಗಳನ್ನು ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮೇಲಿನ ಭಾರ ಬಂದು ಬೀಳಬೇಕು. ಎರಡು ಬಟನ್ ಇಟ್ಟಿರುವುದೇ ಎರಡೂ ಕೈ ಹೊರಗಿರಲಿ ಎಂದು. ಆದರೆ ಹಾಗೆ ಮಾಡಿದರೆ ಕೆಲಸ ನಿಧಾನ. ಅದಕ್ಕೆ ಪೀಣ್ಯದ ಜಾಣರು ಉಪಾಯ ಕಂಡುಕೊಂಡಿದ್ದರು. ಸೈಕಲ್ ಟ್ಯೂಬಿನ ತುಂಡಿನಿಂದ ಒಂದು ಬಟನ್ ಅನ್ನು ಸದಾ ಒತ್ತಿಕೊಂಡಿರುವಂತೆ ಬಿಗಿದು ಕಟ್ಟಿಬಿಡುವುದು. ಆಮೇಲೆ ಬಲಗೈ ಇನ್ನೊಂದನ್ನು ಒತ್ತುತ್ತಿದ್ದರೆ ಎಡಗೈ ಸುಮ್ಮನೆ ತಗಡು ತಳ್ಳುತ್ತಿರುತ್ತದೆ. ಎಲ್ಲರೂ ಕಟ್ಟುತ್ತಿದ್ದರು, ಸೋಮಪ್ಪನೂ ಕಟ್ಟಿದ. ಮಾಲೀಕರು ಆ ಕಡೆ ಬಂದಾಗ ಬೇಕೆಂದೇ ಸೂರು ನೋಡಿಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ಮೂರು ಗಂಟೆಗೆ ಎಡಗೈ ಹೊರಗೆ ಬರುವುದು ಸ್ವಲ್ಪ ತಡವಾಯಿತು.

ಆಸ್ಪತ್ರೆಯಲ್ಲಿ ಎರಡನೆಯ ದಿನ ಅವನು ಹೆಂಡತಿಗೆ ನಿಜ ಹೇಳಿದ. "ನಾನ ಕಟ್ಟಿದ್ನಿ ಮಹಾದೇವಿ." ಅವಳು ಸುತ್ತ ನೋಡಿ ಅವನ ಬಾಯಿ ಮುಚ್ಚಿದಳು. ಅತ್ತೆಗೆ, ನಾದಿನಿಗೆ, ಊರಿನವರಿಗೆ ಅವಳು ಹೇಳಿದ್ದು ಒಂದೇ ಮಾತು: ಮಷೀನ್ ಕೆಟ್ಟಿತ್ತು. ಮಕ್ಕಳಿಲ್ಲದ ಅವಳಿಗೆ ಊರಲ್ಲಿ ತಲೆಯೆತ್ತಿ ಓಡಾಡಲು ಇದ್ದದ್ದು ಗಂಡನ ಜಾಣತನವೊಂದೇ. ಅದನ್ನೂ ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಊರಿಗೆ ಹೋದಾಗಲೆಲ್ಲ ಅವನ ಎಡಗೈ ಮೇಲೆ ಟವೆಲ್ ಹಾಕಿಯೇ ಬಸ್ಸಿನಿಂದ ಇಳಿಸುತ್ತಿದ್ದಳು. ಸೋಮಪ್ಪ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ಕೂತ.

* * *

ಸೌಮ್ಯಾ ಬಾಗಿಲಲ್ಲಿ ಬಂದು ನಿಂತಳು. ದಾವಣಗೆರೆಯ ಹುಡುಗಿ, ಅದೇ ಕಾರ್ಖಾನೆಯಲ್ಲಿ ತಯಾರಾದ ಮಾಲು ತಪಾಸಣೆ ಮಾಡುವ ಇಂಜಿನಿಯರ್. ಅತ್ತು ಕಣ್ಣುಗಳು ಊದಿದ್ದವು. "ಅಕ್ಕಾ," ಎಂದಳು. ಮಹಾದೇವಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸೌಮ್ಯಾ ಹೊಸ್ತಿಲು ದಾಟದೆ, ಚಪ್ಪಲಿಗಳ ಪಕ್ಕದಲ್ಲೇ ಕೂತುಬಿಟ್ಟಳು.

* * *

ಮೂರು ವರ್ಷದ ಹಿಂದೆ ಈ ಹುಡುಗಿಯೇ ಫೇಸ್‌ಬುಕ್ಕಿನಲ್ಲಿ ಸೋಮಪ್ಪನ ಕತೆ ಬರೆದದ್ದು. ಮಾಲೀಕರ ದುರಾಸೆಗೆ ಬೆರಳು ಬಲಿಕೊಟ್ಟ ಬಡವ ಎಂದು ಬರೆದಿದ್ದಳು. ಓದಿದವರೆಲ್ಲ ಅತ್ತರು, ಅತ್ತವರೆಲ್ಲ ಹಂಚಿದರು. ಕಾರ್ಖಾನೆ ತಪಾಸಣೆಯ ಇಲಾಖೆಯವರು ಜೀಪಿನಲ್ಲಿ ಬಂದರು, ಕಾರ್ಖಾನೆಗೆ ಬೀಗ ಬೀಳುತ್ತದೆ ಎಂಬ ಸುದ್ದಿಯೂ ಹಬ್ಬಿತು. ಸೋಮಪ್ಪ ಸಂಜೆ ಗೇಟಿನಲ್ಲಿ ಅವಳನ್ನು ತಡೆದು ನಿಲ್ಲಿಸಿದ.

"ಏನ್ ಬರದಿ ತಂಗಿ, ಓದು."

ಅವಳು ಓದಿದಳು. ಅವನು ತಲೆ ತಗ್ಗಿಸಿ ಪೂರ್ತಿ ಕೇಳಿದ.

"ಚಂದ ಬರದಿ. ನನಗೂ ಅಳು ಬಂತು. ಆದ್ರ ಖರೆ ಅಲ್ಲ."

"ಎಲ್ರೂ ಹಂಗೇ ಹೇಳಿದ್ರಣ್ಣ."

"ಎಲ್ಲಾರನ್ನೂ ಕೇಳಿದಿ, ನನ್ನೊಬ್ಬನ್ನ ಬಿಟ್ಟಿ. ಈಗ ನಾ ಹೇಳ್ತೀನಿ, ಬರಿ."

ಅವನು ಹೇಳಿದಂತೆಯೇ ಅವಳು ಮೊಬೈಲಿನಲ್ಲಿ ಬರೆದುಕೊಂಡಳು, ಒಂದಕ್ಷರ ತಿದ್ದಲಿಲ್ಲ. "ಬಟನ್‌ಗೆ ಟ್ಯೂಬ್ ಕಟ್ಟಿದ್ದು ನಾನು. ನೋಡಿ ನೋಡದಂಗ ಹೋದದ್ದು ಮಾಲಕರು. ಬೆರಳು ಹೋಗಿದ್ದು ನನ್ನವು. ಇದನ್ನ ಓದೂ ಹೊತ್ತಿನ್ಯಾಗ ನಿಮ್ಮ ಮಷೀನಿಗೂ ಟ್ಯೂಬ್ ಕಟ್ಟಿದ್ರ ನನ್ನ ಸಲವಾಗಿ ಅಳಬ್ಯಾಡ್ರಿ. ಎದ್ದು ಹೋಗಿ ಬಿಚ್ಚರಿ."

ಇದರ ಜೊತೆಗೆ ಕೈಯ ಫೋಟೋ ಇರಲಿ ಎಂಬುದು ಅವನ ಆಸೆ. ಆಗಷ್ಟೇ ಊಟದ ಡಬ್ಬಿ ತಂದಿದ್ದ ಮಹಾದೇವಿ ಮೊಬೈಲಿಗೂ ಗಂಡನಿಗೂ ಅಡ್ಡ ನಿಂತಳು. "ಫೋಟೋ ಹಾಕಿದಿ ಅಂದ್ರ ನಾ ತವರಿಗೆ ಹೋಗಾಕಿ. ತಿರುಗಿ ಬರಾಂಗಿಲ್ಲ." ಅವನು ಫೋಟೋ ಬಿಟ್ಟ, ನಿಜ ಬಿಡಲಿಲ್ಲ. ವಾರದೊಳಗೆ ಬರಹ ಊರು ಮುಟ್ಟಿತು. ಮೈದುನ ಹಣಮಂತ ಫೋನ್ ಮಾಡಿ, "ತನ್ನ ಕೈ ತಾನ ಕೊಯ್ಕೊಂಡ ಜಾಣನ್ನ ಜಗತ್ತಿಗೆಲ್ಲಾ ತೋರಿಸ್ಯಾರಲ್ಲ ವೈನಿ," ಎಂದು ನಕ್ಕ. ಆರು ವರ್ಷ ಕಾಪಾಡಿಕೊಂಡು ಬಂದ ಸುಳ್ಳು ಒಂದೇ ವಾರದಲ್ಲಿ ಬೀದಿಗೆ ಬಂದಿತ್ತು. ಅವಳು ಹನ್ನೊಂದು ದಿನ ಗಂಡನ ಜೊತೆ ಮಾತು ಬಿಟ್ಟಳು. ಆಮೇಲೆ ಮಾತು ಬಂತು, ಆದರೆ ಆ ವಿಷಯ ಬರಲಿಲ್ಲ. ಭಾನುವಾರವಾದರೆ ಸೋಮಪ್ಪ ತಲೆ ಬಾಚಿ ಹೊರಡುತ್ತಿದ್ದ. "ಯಾರೋ ಕರದಾರ," ಎನ್ನುತ್ತಿದ್ದ. "ಯಾರ್ ಕರದ್ರೂ ನನ್ನ ಮುಂದ ಹೇಳಬ್ಯಾಡ," ಎನ್ನುತ್ತಿದ್ದಳು ಅವಳು. ಪಾಪ, ಅವನು ಹೇಳಲಿಲ್ಲ.

* * *

ಹನ್ನೊಂದು ಗಂಟೆಗೆ ಮೂವತ್ತೈದರ ಆಸುಪಾಸಿನ ಒಬ್ಬ ಗಂಡಸು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಒಳಗೆ ಬಂದ. ಹೆಣಕ್ಕೆ ಕೈಮುಗಿದ. ಮುಖ ನೋಡಿದ, ಬಲಗೈ ನೋಡಿದ, ಶಾಲಿನ ಮಡಿಕೆಯಲ್ಲಿ ಏನನ್ನೋ ಹುಡುಕಿದ.

"ಯವ್ವಾ, ನನ್ನ ಹೆಸರು ಕರಿಬಸಪ್ಪ. ಇವರ ಎಡಗೈ..."

"ಯಾಕ?" ಮಹಾದೇವಿ ಸಿಡಿದಳು. "ನಗಾಕ ಬಂದಿಯೇನು?"

"ನಗಾಕ ಬೊಮ್ಮಸಂದ್ರದಿಂದ ಎರಡು ಬಸ್ ಹಿಡದು ಯಾರ್ ಬರ್ತಾರಬೇ?" ಎಂದ ಅವನು. "ನಾನೂ ಪ್ರೆಸ್ ನಡಸಾಂವ. ಊಟದ ಹೊತ್ತಿನ್ಯಾಗ ಇವರ ಮಾತು ಯಾರೋ ಮೊಬೈಲಿಗೆ ಕಳಿಸಿದ್ರು, ಓದಿದ್ನಿ. 'ಅಳಬ್ಯಾಡ್ರಿ, ಬಿಚ್ಚರಿ' ಅಂತ ಇತ್ತು. ಡಬ್ಬಿ ಅಲ್ಲೇ ಇಟ್ಟು ಹೋಗಿ ಬಿಚ್ಚಿದ್ನಿ. ಬರೇ ಎಂಟ ದಿನಕ್ಕ ತಗಡು ಒಳಗ ಸಿಕ್ಕೊಂತು. ಮೊದಲಿನಂಗ ಇದ್ದಿದ್ರ ಎಡಗೈ ಅಲ್ಲೇ ಇರ್ತಿತ್ತು, ಭಾರಾ ಬಂದು ಅದರ ಮ್ಯಾಲ ಬೀಳ್ತಿತ್ತು. ಬಿತ್ತು. ಆದ್ರ ಭಾರಾ ಬೀಳೂ ಹೊತ್ತಿಗೆ ನನ್ನ ಎರಡೂ ಕೈ ಬಟನ್ ಮ್ಯಾಲ ಇದ್ದೂ." ಅವನು ತನ್ನ ಎಡಗೈಯನ್ನು ತಾನೇ ಹೊಸದಾಗಿ ಕಂಡವನಂತೆ ತಿರುಗಿಸಿ ನೋಡಿಕೊಂಡ. "ಅವತ್ತ ಸಂಜಿಮುಂದ ನನ್ನ ಮಗಳ ನಾಮಕರಣ ಇತ್ರಿ. ತೊಟ್ಲಾ ತೂಗಿದ್ದು ಇದ ಕೈಲೆ."

ಅವನ ಹಿಂದೆ ನಿಂತಿದ್ದ ಹೆಂಗಸು ಮುಂದೆ ಬಂದಳು. ರಾಮಕ್ಕ ಎಂದು ಹೆಸರು, ನೆಲಮಂಗಲದ ಕಡೆಯವಳು, ಪೀಣ್ಯದಲ್ಲೇ ಬೇರೊಂದು ಪ್ರೆಸ್ ಯೂನಿಟ್ಟಿನಲ್ಲಿ ಕೆಲಸ.

"ನಮಗೆ ಓದಕ್ ಬರಕಿಲ್ಲ ಕಣಕ್ಕ. ಸೂಪರ್‌ವೈಜರ್ ಓದಿ ಏಳ್ದ. ನಾವು ಅನ್ನೊಂದ್ ಜನ ಎಂಗಸ್ರು ನಗಾಡ್ಬುಟ್ವಿ, ಯಾವನೋ ಕತೆ ಕಟ್ಟವ್ನೆ ಅಂತ. ಆಮೇಲೆ ಒಂದ್ ಬಾನ್ವಾರ ಓವರ್‌ಟೈಮ್ ನಡೀತಿತ್ತು, ಇವ್ರೇ ಬಂದ್ರು. ಏನೂ ಮಾತಾಡ್ಲಿಲ್ಲ. ಒಬ್ಬೊಬ್ಬರ ಮಷೀನ್ ಮುಂದೂ ಬಂದು ಇಂಗೆ ಕೈ ಇಟ್ರು." ರಾಮಕ್ಕ ತನ್ನ ಅಂಗೈ ಚಾಚಿ ತೋರಿಸಿದಳು. "ಅವತ್ತು ಅನ್ನೊಂದ್ ಮಷೀನ್ ಟ್ಯೂಬೂ ಕಸದ ಬುಟ್ಟಿಗೋದ್ವು."

ಭಾನುವಾರ ಗಂಡ ತಲೆ ಬಾಚಿ ಹೋಗುತ್ತಿದ್ದದ್ದು ಇಂಥಲ್ಲಿಗೆಯೇ? ಇಸ್ಪೀಟಿಗೋ, ಹರಟೆಗೋ ಎಂದುಕೊಂಡು ಅವಳು ಎಷ್ಟು ಸಲ ಸಾರು ಬಿಸಿ ಮಾಡದೆ ತಣ್ಣಗೇ ಬಡಿಸಿದ್ದಳು.

ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಮಾಲೀಕ ನರಸಿಂಹಯ್ಯ ಬಾಗಿಲಿಗೆ ಬಂದು ನಿಂತರು. "ನೋಡಮ್ಮ, ನನ್ನ ಬಗ್ಗೆ ಅವನು ಒಂದೇ ಒಂದು ಸಾಲು ಹೇಳಿದ್ದ. ನೋಡಿ ನೋಡದಂಗೆ ಹೋದೆ ಅಂತ. ಆ ಸಾಲು ಓದ್ಬಿಟ್ಟು ಮೂರು ದಿನ ನಾನು ಗೇಟಲ್ಲಿ ಅವನ ಮುಖ ನೋಡ್ಲಿಲ್ಲ. ನಾಲ್ಕನೇ ದಿನ ಬಟನ್‌ಗಳಿಗೆ ಕಬ್ಬಿಣದ ಗೂಡು ಹಾಕಿಸ್ದೆ, ಏನೂ ಕಟ್ಟಕ್ಕಾಗ್ದಂಗೆ. ದಿನಕ್ಕಿಷ್ಟು ಪೀಸು ಅಂತ ಇದ್ದಿದ್ದನ್ನೂ ಇಳಿಸ್ದೆ. ಅವನಿಗೆ ಸರಿಯಾಗಿ ಒಂದು ಮಾತು ಹೇಳ್ಬೇಕು ಅಂತಿದ್ದೆ. ಹೇಳ್ಲೇ ಇಲ್ಲ."

ಮಧ್ಯಾಹ್ನದ ಹೊತ್ತಿಗೆ ಬಾಗಿಲಿನಾಚೆ ಸಾಲು ಗಲ್ಲಿಯ ತಿರುವಿನವರೆಗೆ ಬೆಳೆದಿತ್ತು. ಊಟದ ಬಿಡುವಿನಲ್ಲಿ ಎದ್ದು ಬಂದವರು, ಕೈಗೆ ಗ್ರೀಸು ಅಂಟಿಸಿಕೊಂಡವರು, ಹೆಲ್ಮೆಟ್ ಕಂಕುಳಲ್ಲಿ ಇಟ್ಟವರು. ಮುಖ ನೋಡಿ ಮುಂದಕ್ಕೆ ಹೋಗುವ ಮುನ್ನ ಪ್ರತಿಯೊಬ್ಬರ ಕಣ್ಣೂ ಒಮ್ಮೆ ಶಾಲಿನ ಎಡ ಮಡಿಕೆಯ ಹತ್ತಿರ ತಡವರಿಸುತ್ತಿತ್ತು. ಯಾರೂ ಕೇಳಲಿಲ್ಲ. ಮಹಾದೇವಿ ಅದನ್ನೆಲ್ಲ ನೋಡುತ್ತಾ ಕೂತಳು. ಪಿನ್ನಿನ ಮೇಲೆ ಇಟ್ಟ ಬೆರಳನ್ನು ಮಾತ್ರ ಅವಳು ತೆಗೆಯಲಿಲ್ಲ.

* * *

ಮೆಟ್ರೋ ಕಂಬಗಳ ಕೆಳಗೆ ಅರ್ಧ ತಾಸು ಸಿಕ್ಕಿಹಾಕಿಕೊಂಡಿದ್ದ ವ್ಯಾನು ರುದ್ರಭೂಮಿ ಮುಟ್ಟಿದಾಗ ನಾಲ್ಕು ಗಂಟೆ. ಗುಂಡಿ ತಯಾರಿತ್ತು, ಅದರೊಳಗೆ ಕೂರಿಸುವ ಗೂಡೂ ತಯಾರಿತ್ತು. ಜಾಲಹಳ್ಳಿಯಿಂದ ಬಂದ ಪಂಚಾಕ್ಷರಿ ಅಯ್ಯನವರು ಸೋಮಪ್ಪನನ್ನು ಗುಂಡಿಯ ಅಂಚಿನಲ್ಲಿ ಕೂರಿಸಿ ಮಂತ್ರ ಹೇಳಿದರು. ಕೊರಳಿನಿಂದ ಇಷ್ಟಲಿಂಗ ಬಿಚ್ಚಿ ಕೈಗೆ ತೆಗೆದುಕೊಂಡರು.

"ಎಡಗೈ ಈಚೆ ತೆಗೀಮ್ಮಾ. ಅಂಗೈ ಮೇಲೆ ಲಿಂಗ ಇಡಬೇಕು."

ಎಲ್ಲರೂ ನೋಡುತ್ತಿದ್ದರು. ಅಯ್ಯನವರು ಪಿನ್ನು ಕಂಡು, ವಿಷಯ ಅರ್ಥವಾಗಿ ದನಿ ತಗ್ಗಿಸಿದರು. "ಬಟ್ಟೆ ಸುತ್ತಿ ಕಟ್ಟಿಬಿಡೋಣ್ವಾ? ಬೆರಳಿಲ್ಲ, ಲಿಂಗ ಜಾರೀತು. ಯಾರಿಗೂ ಕಾಣೋದೂ ಇಲ್ಲ."

ಬೆಳಿಗ್ಗೆಯಾಗಿದ್ದರೆ ಹಾಗೇ ಮಾಡಿ ಎಂದು ಮಹಾದೇವಿ ಅಯ್ಯನವರ ಕಾಲಿಗೆ ಬೀಳುತ್ತಿದ್ದಳು. ಈಗ ಪಿನ್ನು ಬಿಚ್ಚಿದಳು.

"ಬ್ಯಾಡ್ರಿ ಅಯ್ಯಾರ. ಒಂಬತ್ತ್ ವರ್ಷ ಇದ ಅಂಗೈ ಮ್ಯಾಲ ಇಟ್ಟು ಪೂಜಿ ಮಾಡ್ಯಾರ. ಒಂದಿನಾನೂ ಜಾರಿಲ್ಲ. ಕಟ್ಟೂದು ಬ್ಯಾಡ."

ಅವಳು ಬಿಗಿದುಕೊಂಡಿದ್ದ ತೋಳನ್ನು ಮೆಲ್ಲಗೆ ನೀವಿ ನೀವಿ ಹೊರಗೆ ತಂದು ತೊಡೆಯ ಮೇಲೆ ಇಟ್ಟಳು. ಕರಿಬಸಪ್ಪ ಮೊಣಕಾಲೂರಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ರಾಮಕ್ಕ ಮುಟ್ಟಲು ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಮೊನ್ನೆ ನಮ್ಮಲ್ಲಿ ಇಬ್ರು ಒಸಬ್ರು ಸೇರವ್ರೆ ಕಣಕ್ಕ," ಎಂದಳು ಅಳುತ್ತಲೇ. "ಒಬ್ಳು ಆಗ್ಲೇ ಟ್ಯೂಬ್ ಕಟ್ಕೊಂಡವ್ಳೆ. ಬೈದ್ರೂ ಕೇಳಾಕಿಲ್ಲ, ಓದಿ ಏಳಿದ್ರೂ ಕೇಳಾಕಿಲ್ಲ. ಈ ಬಾನ್ವಾರ ಇವ್ರನ್ನ ಕರಸ್ಬೇಕು ಅಂತಿದ್ವಿ. ಇನ್ನು ಅವ್ಳಿಗೆ ಯಾರ್ ಬಂದು ತೋರುಸ್ತಾರೆ?"

ಅಯ್ಯನವರು ಲಿಂಗ ಹಿಡಿದು ಕಾಯುತ್ತಿದ್ದರು. ಹೊತ್ತು ಇಳಿಯುತ್ತಿತ್ತು. ಮಹಾದೇವಿ ಜನರ ಮೇಲೆ ಕಣ್ಣಾಡಿಸಿದಳು. ಎಲ್ಲರ ಹಿಂದೆ, ಮಣ್ಣಿನ ಗುಡ್ಡೆಯ ಪಕ್ಕದಲ್ಲಿ, ಸೌಮ್ಯಾ ಒಬ್ಬಳೇ ನಿಂತಿದ್ದಳು.

"ಸೌಮ್ಯಾ, ಬಾ ಇಲ್ಲಿ. ಮೊಬೈಲ್ ತಂದೀಯಿಲ್ಲ?"

ಹುಡುಗಿ ಗಾಬರಿಯಾದಳು. "ಇಲ್ಲಕ್ಕ, ನಾನು ಒಂದೂ ಫೋಟೋ ತೆಗ್ದಿಲ್ಲ. ಆಣೆಗೂ ತೆಗ್ದಿಲ್ಲ."

"ಗೊತ್ತೈತಿ. ಈಗ ತಗೀ."

ಜನ ಸರಿದು ದಾರಿ ಬಿಟ್ಟರು. ಸೌಮ್ಯಾ ಹತ್ತಿರ ಬಂದು ಮೊಬೈಲ್ ಎತ್ತಿದಳು.

"ಮುಖಾ ಬ್ಯಾಡ," ಎಂದಳು ಮಹಾದೇವಿ. "ಬರೇ ಇದು. ನಾಳೆ ಬೆಳಿಗ್ಗೆನೇ ಟ್ಯೂಬ್ ಕಟ್ಟಿದ ಆ ಹುಡುಗಿಗೆ ಮುಟ್ಟಬೇಕು."

ಗಂಡನ ಕೈ ಮೇಲೆ ಉದುರಿದ್ದ ಚೆಂಡುಹೂವಿನ ಎಸಳುಗಳನ್ನು ಅವಳು ಊದಿ ತೆಗೆದಳು. ಸೆರಗಿನ ತುದಿಯಿಂದ ಅಂಗೈ ಒರೆಸಿದಳು. ಆಮೇಲೆ ಮಣಿಕಟ್ಟನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದು, ಮೂರು ಬೆರಳಿನ ಖಾಲಿ ಜಾಗ ಚೆನ್ನಾಗಿ ಕಾಣುವಂತೆ, ಇಳಿಬಿಸಿಲಿನ ಕಡೆಗೆ ತಿರುಗಿಸಿದಳು.