ಕೊರ್ನೆಲಿಯಸರ ಕುಂಬಳಕಾಯಿ

ಕೊಯ್ಲಿನ ಹಬ್ಬವೆಂದರೆ ದೇವರಿಗೆ ಕೃತಜ್ಞತೆ ಹೇಳುವ ದಿನ ಎಂದು ನಾವು ಕ್ರೈಸ್ತ ಸಭೆಯವರು ಹೇಳಿಕೊಳ್ಳುತ್ತೇವೆ. ನಿಜ ಹೇಳಲೇ? ಅದು ಯಾರ ಕುಂಬಳಕಾಯಿ ದೊಡ್ಡದೆಂದು ನೋಡುವ ದಿನ. ಪ್ರಾರ್ಥನಾ ಮಂದಿರದಲ್ಲಿ ಗೋಧಿ ತೆನೆಯ ಕಟ್ಟು, ಉಜ್ಜಿ ಹೊಳಪಿಸಿದ ಸೇಬು, ಜಡೆಯಂತೆ ಹೆಣೆದ ರೊಟ್ಟಿಗಳು. ನಟ್ಟನಡುವೆ ನನ್ನ ಗಂಡ ಕೊರ್ನೆಲಿಯಸರ ಕುಂಬಳಕಾಯಿ. ಸಭೆಯ ಹಿರಿಯರಲ್ಲವೇ, ನಡುವಿನ ಜಾಗ ಅವರದೇ. ಬೇಸಿಗೆಯೆಲ್ಲ ಅದರ ಬುಡಕ್ಕೆ ಹಾಲು ಸುರಿದಿದ್ದರು. ನನ್ನ ಚಹಾಕ್ಕೆ ಹಾಲಿಲ್ಲದ ದಿನವೂ ಅದಕ್ಕಿತ್ತು.

ಆ ಸಲ ಹಬ್ಬದ ಹಿಂದಿನ ದಿನ ಬೆಟ್ಟದಲ್ಲಿ ಮಳೆ ಹೊಯ್ದು, ಕೆಸರು ನೀರು ಕೆಳಗಿನ ಓಣಿಗೆ ನುಗ್ಗಿತು. ಬೆಳಿಗ್ಗೆ ಮಂದಿರಕ್ಕೆ ಹೊರಟಾಗ ಆ ಓಣಿಯ ಮುಸ್ಲಿಂ ಅಜ್ಜಿ ಬುರುಲ್ಕಾನಳ ಅಡುಗೆಯ ಕೊಟ್ಟಿಗೆ ಇದ್ದ ಕಡೆ ಬರೀ ಕೆಸರು. ಅವಳು ಒಂದೇ ಒಂದು ಕಡಾಯಿ ತೊಳೆಯುತ್ತ ಕೂತಿದ್ದಳು. ಅಂದೇ ಅವಳ ಮೊಮ್ಮಗ ಬೆಕ್ತುರನ ತುಶೋ. ನಡೆಯಲು ಕಲಿತ ಮಗುವಿನ ಕಾಲಿಗೆ ದಾರ ಕಟ್ಟುತ್ತಾರೆ, ಮಕ್ಕಳ ಓಟದಲ್ಲಿ ಗೆದ್ದವರು ಅದನ್ನು ಕತ್ತರಿಸಿದಾಗ ಮಗು ಹೆಜ್ಜೆ ಇಡಬೇಕು. ಉಳಿದ ಮಕ್ಕಳಿಗೆ ಒಂದು ವರ್ಷಕ್ಕೇ ಆಗುವ ಹಬ್ಬ; ಬೆಕ್ತುರನ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿ, ಮೂರು ತುಂಬಿದ ಮೇಲೆ ಬಂದಿತ್ತು.

"ಹಿಟ್ಟಿಲ್ಲ, ತರಕಾರಿ ಇಲ್ಲ. ನೆಂಟರು ಆಗ್ಲೇ ಕಣಿವೆ ದಾಟಿದಾರಂತೆ. ಹಸಿದ ಹೊಟ್ಟೇಲಿ ವಾಪಸ್ ಕಳಿಸಿ, ನಾಳೆ ಹ್ಯಾಗೆ ಮುಖ ತೋರಿಸ್ಲಿ?" ಎಂದಳು.

"ನಿಮಗೋಸ್ಕರ ಪ್ರಾರ್ಥನೆ ಮಾಡ್ತೀವಮ್ಮಾ" ಎಂದರು ನಮ್ಮನೆಯವರು.

"ಮಾಡಿ, ಮಾಡಿ. ಕಡಾಯಿಗೆ ಅದನ್ನೇ ಹಾಕಿ ಬೇಯಿಸ್ತೀನಿ."

ನನಗೆ ನಾಚಿಕೆಯಾಯಿತು. ಅವರು ಮಂದಿರದ ಕಡೆ ನಡೆದರು.

ಮಂದಿರದಲ್ಲಿ ಅವರು ಓದಬೇಕಾಗಿದ್ದದ್ದು, ಹಸಿದವರಿಗೆ ಉಣಿಸಿದರೆ ತನಗೇ ಉಣಿಸಿದಂತೆ ಎಂದು ಯೇಸು ಹೇಳಿದ ಭಾಗ. ಅರ್ಧ ಓದಿ ನಿಂತುಬಿಟ್ಟರು. ಕುಂಬಳಕಾಯಿ ನೋಡಿದರು. ಬೈಬಲ್ ಮುಚ್ಚಿದರು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, "ಎಲ್ಲಾ ಎತ್ಕೊಳ್ರಿ. ಬುರುಲ್ಕಾನಮ್ಮನ ಮನೆಗೆ" ಎಂದರು.

ತೀನಾ ಚಿಕ್ಕಮ್ಮ ಹೌಹಾರಿದಳು. "ಅಯ್ಯೋ, ಆರಾಧನೆ ಮುಗಿದಿಲ್ಲ! ಅದು ಕರ್ತನಿಗೆ ಇಟ್ಟಿದ್ದು!"

"ಇಷ್ಟು ವರ್ಷ ಇಟ್ವಲ್ಲ, ಒಂದು ಸೇಬಾದ್ರೂ ತಿಂದ್ನಾ ಅವನು? ಅವನಿಗೆ ಹಸಿವಾಗಿರೋದು ಕೆಳಗಿನ ಓಣೀಲಿ, ಚಿಕ್ಕಮ್ಮಾ. ನಿನ್ ರೊಟ್ಟಿ ಎತ್ಕೋ."

ನಾನು ನಕ್ಕೆನೋ ಅತ್ತೆನೋ ಗೊತ್ತಿಲ್ಲ. ಬೀದಿಯ ತುಂಬ ಎಲೆಕೋಸು, ಕ್ಯಾರೆಟ್ಟು, ಜೇನಿನ ಡಬ್ಬಿ ಹೊತ್ತ ನಮ್ಮ ಸಭೆ. ಮುಂದೆ ಕುಂಬಳಕಾಯಿ ತಬ್ಬಿಕೊಂಡು ಏದುಸಿರು ಬಿಡುತ್ತ ನನ್ನ ಗಂಡ.

ಬುರುಲ್ಕಾನ್ ಬಾಗಿಲಿಗೆ ಅಡ್ಡ ನಿಂತಳು. "ಉಪದೇಶಕ್ಕೆ ಬಂದ್ರಾ ಅಣ್ಣಾ? ಇವತ್ತು ಪುರುಸೊತ್ತಿಲ್ಲ."

"ಉಪದೇಶ ಮಂದಿರದಲ್ಲೇ ಬಿಟ್ಟು ಬಂದೆ, ತಂಗೀ. ಚಾಕು ಎಲ್ಲಿದೆ?"

ಅವಳು ಕಣ್ಣೊರೆಸಿಕೊಂಡು ದಾರಿ ಬಿಟ್ಟಳು. ನಮ್ಮ ಗಂಡಸರು ಕೆಸರು ತೆಗೆದರು, ಹೆಂಗಸರು ನಮ್ಮ ಮನೆಗಳಿಂದ ಹಿಟ್ಟು ತಂದು ನಾದಿದೆವು, ಅವಳ ಅಳಿಯ ಉಳಿದಿದ್ದ ಕುರಿ ಕಡಿದ. ನೆಂಟರು ಇಳಿಯುವ ಹೊತ್ತಿಗೆ ಕಡಾಯಿ ಕುದಿಯುತ್ತಿತ್ತು. ಕುಂಬಳಕಾಯಿ ಮಾತ್ರ ಯಾವ ಚಾಕುವಿಗೂ ಬಗ್ಗದೆ ಅಂಗಳದಲ್ಲೇ ಕೂತಿತ್ತು.

ಓಟವಾಯಿತು. ಗೆದ್ದ ಹುಡುಗಿ ಬೆಕ್ತುರನ ಕಾಲಿನ ದಾರ ಕತ್ತರಿಸಿದಳು. ಮಗು ಅಲ್ಲಾಡಲಿಲ್ಲ. ಅಷ್ಟು ಜನ ಕಂಡು ತುಟಿ ಬಿಗಿಹಿಡಿದು ನಿಂತುಬಿಟ್ಟ.

ಬುರುಲ್ಕಾನ್ ನನ್ನ ಗಂಡನ ಕಡೆ ತಿರುಗಿದಳು. "ಅಣ್ಣಾ, ಹಿರಿಯರು ನೀವು. ಹರಸಿ."

ತನ್ನ ಮನೆಯ ಮಗುವನ್ನು ಹರಸುವ ಹಕ್ಕನ್ನು ಅವಳು ಬೇರೆ ಧರ್ಮದವರಿಗೆ ಕೊಟ್ಟಿದ್ದು ನಾನು ಕಂಡಿರಲಿಲ್ಲ. ನಮ್ಮನೆಯವರು ಪ್ರಾರ್ಥನೆಗೆ ಶುರುಮಾಡಿದರೆ ಸೂಪು ಆರಿಹೋಗುತ್ತದೆ ಎಂದು ನನಗೆ ದಿಗಿಲು. ಅವರು ಅಂಗೈ ಮೇಲೆತ್ತಿದರು.

"ಯೇಸುವೇ, ಈ ಮಗು ನಡೀಲಿ."

ಅಷ್ಟೇ. ಜೀವಮಾನದಲ್ಲಿ ಅವರು ಮಾಡಿದ ಅತಿ ಚಿಕ್ಕ ಪ್ರಾರ್ಥನೆ. ಅಂಗಳದ ಜನರೆಲ್ಲ ಮುಖ ಸವರಿಕೊಂಡು "ಓಮಿನ್" ಎಂದರು, ನಾವು "ಆಮೆನ್" ಎಂದೆವು. ಬೆಕ್ತುರ್ ಕುಂಬಳಕಾಯಿ ಕಂಡ. ಒಂದು ಹೆಜ್ಜೆ, ಇನ್ನೊಂದು, ಆಮೇಲೆ ಕುಂಟುತ್ತ ಓಡಿಯೇ ಹೋಗಿ ಅದರ ಮೇಲೆ ಬಿದ್ದು, ಎರಡೂ ಕೈಯಲ್ಲಿ ತಬ್ಬಿಕೊಂಡ.

"ನಂದು!" ಎಂದ.

"ನಿಂದೇ ಕಣೋ" ಎಂದರು ಕೊರ್ನೆಲಿಯಸ್.